ಕದಡಿದ ನೀರಿನ ಮುತ್ತುಗಾರ

"ಏನಾದ್ರೂ ಕಾಣ್ತಾ ಇನ್ಸ್‌ಪೆಕ್ಟರ್ರೇ?"

ದಡದ ಮೇಲಿನಿಂದ ಮರ್ಡೋ ಬೇನ್ ಕೇಳಿದ. ದನಿಯಲ್ಲಿದ್ದ ಗೇಲಿಯನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ.

ನಾನು ತೊಡೆಮಟ್ಟದ ನೀರಿನಲ್ಲಿ ಬಗ್ಗಿ ನಿಂತಿದ್ದೆ. ಕೈಯಲ್ಲಿ ಸತ್ತವನ ಡಬ್ಬಿ. ತಗಡಿನ ಡಬ್ಬಿಯ ತಳ ಕೊಯ್ದು ಗಾಜು ಕೂರಿಸಿದ್ದರು. ಅದನ್ನು ನೀರಿನ ಮೇಲೆ ಒತ್ತಿ ಹಿಡಿದು ಮುಖವನ್ನು ಒಳಗಿಟ್ಟರೆ ಹೊಳೆಯ ತಳ ಕಾಣಬೇಕು, ತಳದಲ್ಲಿ ಕೂತ ಕಪ್ಪೆಚಿಪ್ಪುಗಳು ಕಾಣಬೇಕು. ಮುತ್ತು ಹುಡುಕುವವರು ಬೇಸಿಗೆಯುದ್ದಕ್ಕೂ ಹೀಗೇ ಬಗ್ಗಿ ಬದುಕುತ್ತಾರೆ.

ನನಗೆ ಕಂಡದ್ದು ಕಡು ಚಹಾದ ಬಣ್ಣ, ಅಷ್ಟೇ. ನನ್ನ ಬೂಟೇ ನನಗೆ ಕಾಣಲಿಲ್ಲ.

"ಶುಕ್ರವಾರ ಹೊಳೆ ಇದಕ್ಕಿಂತ ಜಾಸ್ತಿ ಇತ್ತಾ ಮರ್ಡೋ?"

"ಇದು ಯಾವ ಲೆಕ್ಕ! ಬೆಟ್ಟದ ಜೌಗೆಲ್ಲ ಕರಗಿಕೊಂಡು ಬರ್ತಿತ್ತು. ಇವತ್ತು ಇಳಿದಿದೆ."

"ಇಳಿದ ನೀರಲ್ಲೇ ಏನೂ ಕಾಣ್ತಿಲ್ಲ. ಹಾಗಿದ್ಮೇಲೆ ಡೇವೀ ಟೌನ್ಸ್ಲಿ ಅವತ್ತು ಡಬ್ಬಿ ಹಿಡ್ಕೊಂಡು ಏನು ನೋಡೋಕೆ ಇಳಿದ?"

ಮರ್ಡೋನ ಮುಖದ ಮೇಲಿನ ನಗು ನಿಧಾನವಾಗಿ ಆರಿತು. ಈ ಹೊಳೆಯ ಮೀನುಗಳನ್ನು ಕದಿಯುವವರಿಂದ ಕಾಯುವುದು ಅವನ ಕೆಲಸ. ಜಮೀನ್ದಾರರ ಸಂಬಳ, ಜಮೀನ್ದಾರರ ಮನೆ, ಜಮೀನ್ದಾರರು ಕೊಟ್ಟ ದಪ್ಪ ಉಣ್ಣೆಯ ಕೋಟು. ನೀರಿನ ವಿಷಯದಲ್ಲಿ ಅವನಿಗೆ ಪಾಠ ಹೇಳುವ ಯೋಗ್ಯತೆ ನನಗಿರಲಿಲ್ಲ. ಆದರೆ ಕುರುಡನಿಗೂ ತಿಳಿಯುವಂಥ ಮಾತಿದು.

"ಕುಡಿದಿದ್ದ," ಅಂದ. "ತಗಡು ಬೆಸೆದು ಊರೂರು ಅಲೆಯೋ ಜನ ಅಲ್ವಾ. ಕುಡಿದ ಮೇಲೆ ಅವರಿಗೆ ಹೊಳೆಯೂ ಒಂದೇ, ಹಾಸಿಗೆಯೂ ಒಂದೇ."

ಭಾನುವಾರ ಬೆಳಿಗ್ಗೆ ಡೇವೀಯ ಹೆಣ ಈ ಮಡುವಿನಲ್ಲೇ ತೇಲಿತ್ತು. ಮುಳುಗಿ ಸತ್ತ ಎಂದು ಡಾಕ್ಟರು ಬರೆದು ಕೈತೊಳೆದುಕೊಂಡಿದ್ದರು. ಅವನ ಹೆಂಡತಿ ಪಟ್ಟಣದವರೆಗೂ ನಡೆದು ಬಂದು ಠಾಣೆಯ ಮೆಟ್ಟಿಲ ಮೇಲೆ ಕೂತು, ಏಳುವುದಿಲ್ಲ ಎಂದು ಹಟ ಹಿಡಿದಿರದಿದ್ದರೆ ನಾನೂ ಈ ಕಿಂಡಾರಾ ಊರಿಗೆ ಬರುತ್ತಿರಲಿಲ್ಲ.

ನಾನು ದಡ ಹತ್ತಿದೆ. ಮಡುವಿನ ಅಂಚಿನಲ್ಲಿ ಬಾಗಿದ್ದ ಮರದ ಬುಡದಲ್ಲಿ ತೊಗಟೆ ಸುತ್ತಲೂ ತರಚಿತ್ತು.

"ಇದೇನು?"

"ಹಗ್ಗ. ನಾನೇ ಕಟ್ಟಿದ್ದೆ. ಹೆಣ ತೇಲಿಕೊಂಡು ಸರೋವರಕ್ಕೆ ಹೋಗದಿರಲಿ ಅಂತ."

"ಕಂಡ ತಕ್ಷಣ ಎಳೀಬಹುದಿತ್ತಲ್ಲ."

"ಚರ್ಚಿಗೆ ಹೊತ್ತಾಗಿತ್ತು." ಅವನು ನನ್ನ ಕಣ್ಣನ್ನೇ ನೋಡಿ ಹೇಳಿದ. "ಪ್ರಾರ್ಥನೆ ಮುಗಿಸಿ ಬಂದು ಎಳೆದ್ವಿ. ಭಾನುವಾರ ಪ್ರಾರ್ಥನೆ ಬಿಟ್ಟು ಕೆಲಸ ಮಾಡಬಾರದು. ನೀವೂ ಪಕ್ಕದ ಕಣಿವೆಯವರೇ, ನಿಮಗೆ ನಾನು ಹೇಳಬೇಕಾ?"

ಹೇಳಬೇಕಿರಲಿಲ್ಲ. ಇಡೀ ಊರು ಕರಿ ಬಟ್ಟೆ ತೊಟ್ಟು, ಬೈಬಲು ಹಿಡಿದು, ಹಗ್ಗಕ್ಕೆ ಕಟ್ಟಿದ ಒಬ್ಬ ಮನುಷ್ಯನನ್ನು ದಾಟಿಕೊಂಡು ದೇವರ ಹತ್ತಿರ ಹೋಗಿತ್ತು. ನನಗೆ ಚಿಕ್ಕಂದಿನಿಂದ ಗೊತ್ತಿರುವ ಜನ ಇವರು. ಅದಕ್ಕೇ ಸಿಟ್ಟಿಗಿಂತ ಹೆಚ್ಚಾಗಿ ನಾಲಿಗೆಯ ಮೇಲೆ ಕಹಿ ಬಂತು.

ಸೇತುವೆಯ ಕಡೆಯಿಂದ ಮರ್ಡೋನ ಹೆಂಡತಿ ಕೇಟಿ ಬಂದಳು. ಅವರ ಮನೆ ಸೇತುವೆಗೆ ಅಂಟಿಕೊಂಡೇ ಇದೆ. ಹಾಲಿನ ಕ್ಯಾನು ಹಿಡಿದ, ತೆಳ್ಳನೆಯ, ತಲೆಗೂದಲನ್ನು ಬಿಗಿದು ಕಟ್ಟಿದ ಹೆಂಗಸು.

"ಕ್ರಿಸ್ಸಿ ಸ್ಕೂಲಿಂದ ಬರೋ ಹೊತ್ತಿಗೆ ನೀವು ಮನೇಲಿರಬೇಕು," ಎಂದು ಗಂಡನಿಗೆ ಹೇಳಿದಳು. "ಮಗಳು ಒಬ್ಬಳೇ ಇರೋದು ಬೇಡ." ಆಮೇಲೆ ನನ್ನ ಕಡೆ ತಿರುಗಿ, "ಇನ್ನೂ ಎಷ್ಟು ದಿನ ಇರ್ತೀರಿ ನೀವು?" ಎಂದಳು.

"ಕೆಲಸ ಮುಗಿಯೋವರೆಗೆ."

"ಏನಿದೆ ಇಲ್ಲಿ ಮುಗಿಸೋಕೆ?"

ಮಾತಾಡಿದಷ್ಟು ಹೊತ್ತೂ ಅವಳು ಹೊಳೆಗೆ ಬೆನ್ನು ಹಾಕಿಕೊಂಡೇ ನಿಂತಿದ್ದಳು.

* * *

ಟೌನ್ಸ್ಲಿಗಳ ಡೇರೆ ಸರೋವರದ ದಡದಲ್ಲಿ, ಊರಿನ ಕಸ ಸುರಿಯುವ ಜಾಗದ ಆಚೆ ಇತ್ತು. ಬಾಗಿಸಿದ ಕೋಲುಗಳ ಮೇಲೆ ಹಳೆಯ ಕ್ಯಾನ್ವಾಸು. ಎಸ್ಸೀ ಟೌನ್ಸ್ಲಿ ಕಂಬಳಿಗಳನ್ನು ಸುತ್ತಿ ಕಟ್ಟುತ್ತಿದ್ದಳು. ಗಿಡ್ಡ ಕುದುರೆಯನ್ನು ಆಗಲೇ ಗಾಡಿಗೆ ಕಟ್ಟಿಯಾಗಿತ್ತು.

ನನ್ನನ್ನು ಕಂಡು ಅವಳು ಏಳಲಿಲ್ಲ. ಕೆಂಡದ ಮೇಲಿದ್ದ ಕೆಟಲಿನಿಂದ ತಗಡಿನ ಲೋಟಕ್ಕೆ ಚಹಾ ಬಗ್ಗಿಸಿ ನನ್ನ ಮುಂದೆ ನೂಕಿದಳು.

"ಕುಡೀರಿ. ಲೋಟ ತೊಳೆದಿದೆ. ನಿಮ್ಮೂರಿನ ಹೆಂಗಸರು ಕೇಳಿದ್ರೆ ಹೇಳಿ."

"ನನ್ನೂರಲ್ಲ ಇದು."

"ಅಕ್ಕ ಇದ್ದಾರಲ್ಲ ನಿಮ್ಮವರು, ನರ್ಸಮ್ಮ. ಅಕ್ಕ ಇದ್ದ ಮೇಲೆ ನಿಮ್ಮೂರೇ."

ನಾನು ಚಹಾ ಕುಡಿದೆ. ಹೊಗೆಯ ರುಚಿ ಇತ್ತು, ಚೆನ್ನಾಗಿತ್ತು.

"ಈ ಹೊಳೇಲಿ ಈಗ ಚಿಪ್ಪೇ ಉಳಿದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಮತ್ತೆ ಯಾಕೆ ಬಂದ್ರಿ ಇಲ್ಲಿಗೆ?"

ಅವಳ ಕೈ ಗಂಟಿನ ಮೇಲೆ ಒಂದು ಕ್ಷಣ ತಡೆಯಿತು. "ದಾರಿ ಇತ್ತು, ಬಂದ್ವಿ."

"ಡೇವೀ ಶುಕ್ರವಾರ ಹೊಳೆಗೆ ಅಂತ ಹೋದನಾ?"

"ಕೋಟು ಹಾಕ್ಕೊಂಡು, ಗಡ್ಡ ಬೋಳಿಸ್ಕೊಂಡು, ತಲೆ ಬಾಚ್ಕೊಂಡು ಹೋದ. ಹಾಗೆ ಯಾರಾದ್ರೂ ಹೊಳೆಗೆ ಹೋಗ್ತಾರಾ? ಡಬ್ಬಿ ಇಲ್ಲೇ ಗಾಡಿ ಕೆಳಗಿತ್ತು. ಶನಿವಾರ ನಾನು ಅವನನ್ನ ಹುಡುಕ್ಕೊಂಡು ಅಲೀತಿದ್ದಾಗ ಯಾರೋ ಬಂದು ಎತ್ಕೊಂಡು ಹೋಗಿದ್ದಾರೆ. ಹೇಳಿದ್ರೆ ಯಾರು ನಂಬ್ತಾರೆ? ಕದಿಯೋರು ನಾವಲ್ವಾ, ನಮ್ಮದನ್ನ ಯಾರು ಕದೀತಾರೆ!"

ಅವಳು ಕಂಬಳಿಯ ಗಂಟನ್ನು ಗಾಡಿಗೆಸೆದು ನನ್ನೆದುರು ಬಂದು ಕೂತಳು. ಕೆಂಪು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡಳು.

"ಅವನನ್ನ ತೊಳೆದೋಳು ನಾನು ಸಾಹೇಬ್ರೆ. ತಲೆ ಹಿಂದೆ ಗಾಯ ಇತ್ತು. ಕಲ್ಲಿಗೆ ಬಡಿದಿದೆ ಅಂದ್ರು ಡಾಕ್ಟರು. ಸರಿ, ಬಡಿದಿರಲಿ. ಗಾಯದ ಸುತ್ತ ಕೂದಲು ಕತ್ತರಿಸಿದ್ದು ಯಾರು? ಹೊಳೆ ಕಲ್ಲು ಕತ್ತರಿ ಹಿಡ್ಕೊಂಡು ಕಾಯ್ತಾ ಇರುತ್ತಾ?"

ನಾನು ಲೋಟ ಕೆಳಗಿಟ್ಟೆ. "ಡಾಕ್ಟರಿಗೆ ಇದನ್ನ ಹೇಳಿದ್ಯಾ?"

"ಹೇಳ್ದೆ. ಕ್ಷೌರ ಮಾಡಿಸ್ಕೊಂಡಿರ್ತಾನೆ ಬಿಡಮ್ಮ ಅಂದ್ರು."

"ನಾಳೆ ಮಣ್ಣು ಮಾಡ್ತಾರೆ. ಅಲ್ಲೀವರೆಗೆ ಇರ್ತೀಯಲ್ಲ?"

ಅವಳು ನಕ್ಕಳು. ಅಂಥ ನಗು ನಾನು ನೋಡಿದ್ದು ಕಡಿಮೆ.

"ಸತ್ತವನನ್ನ ನಿಮ್ಮವರು ಹೂಳ್ತಾರೆ ಸಾಹೇಬ್ರೆ. ಹೂಳದಿದ್ರೆ ನಾರುತ್ತಲ್ಲ, ಅದಕ್ಕಾದ್ರೂ ಹೂಳ್ತಾರೆ. ನನಗೆ ಬದುಕಿರೋರ ಕೆಲಸ ಇದೆ."

ಆ ಮಾತಿನ ಅರ್ಥ ಅಲ್ಲೇ ಕೇಳಬೇಕಿತ್ತು. ಕತ್ತರಿಸಿದ ಕೂದಲಿನ ಯೋಚನೆಯೇ ತಲೆ ತುಂಬಿಕೊಂಡಿತ್ತು, ಎದ್ದು ಹೊರಟೆ.

* * *

ಹೋಟೆಲಿನ ಹಿಂದಿನ ಕೊಟ್ಟಿಗೆಯಲ್ಲಿ, ಕುರಿ ಉಣ್ಣೆಯ ಮೂಟೆಗಳ ನಡುವೆ ಎರಡು ಹಲಗೆ ಜೋಡಿಸಿ ಅವನನ್ನು ಮಲಗಿಸಿದ್ದರು. ಚರ್ಚಿನೊಳಗೆ ಇಡಲು ಪಾದ್ರಿ ಒಪ್ಪಿರಲಿಲ್ಲ. ಹೋಟೆಲಿನವನು ಬಾಗಿಲು ತೆಗೆದು, "ಬೇಗ ಮುಗಿಸಿ. ಊಟಕ್ಕೆ ಪ್ರವಾಸಿಗಳು ಬರೋ ಹೊತ್ತು," ಎಂದು ಹೇಳಿ ಹೋದ.

ಡೇವೀಯ ತಲೆಯನ್ನು ಮೆಲ್ಲಗೆ ಹೊರಳಿಸಿದೆ. ಎಸ್ಸೀ ಹೇಳಿದ್ದು ನಿಜ. ಗಾಯ ದೊಡ್ಡದಲ್ಲ, ಆಳವೂ ಇಲ್ಲ. ಅದರ ಸುತ್ತ ಕೂದಲನ್ನು ಸಣ್ಣ ಕತ್ತರಿಯಿಂದ ಒಪ್ಪವಾಗಿ, ಓರೆಯಾಗಿ ಕತ್ತರಿಸಿದ್ದರು. ಚರ್ಮದ ಮೇಲೆ ಹಳದಿ ಮಿಶ್ರಿತ ಕಂದು ಕಲೆ ಇತ್ತು. ಅಯೋಡಿನ್. ಹೊಳೆಯಲ್ಲಿ ನೆನೆದರೂ ಪೂರ್ತಿ ಹೋಗಿರಲಿಲ್ಲ.

ಸತ್ತವನ ಗಾಯಕ್ಕೆ ಯಾರೂ ಔಷಧಿ ಹಚ್ಚುವುದಿಲ್ಲ. ಏಟು ಬಿದ್ದ ಮೇಲೂ ಡೇವೀ ಬದುಕಿದ್ದ. ಎಲ್ಲೋ ಕೂತಿದ್ದ. ಯಾರೋ ಅವನ ತಲೆಯನ್ನು ಕೈಯಲ್ಲಿ ಹಿಡಿದು ಉಪಚಾರ ಮಾಡಿದ್ದರು. ಆಮೇಲೆ ಅವನು ಹೊಳೆ ಸೇರಿದ.

ಅವನ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ಸರಿಪಡಿಸಲು ಅಂಚು ಹಿಡಿದೆ. ಅಂಚಿನಲ್ಲಿ ನೀಲಿ ದಾರದ ಹೊಲಿಗೆ. ಆ ಹೊಲಿಗೆ ನನಗೆ ಗೊತ್ತು. ಚಳಿಗಾಲದಲ್ಲಿ ಒಲೆಯ ಮುಂದೆ ಕೂತು ಅದನ್ನು ಹಾಕಿದವಳು ನಮ್ಮಮ್ಮ.

ಉಣ್ಣೆಯ ಮೂಟೆಯ ಮೇಲೆ ಕೂತುಬಿಟ್ಟೆ. ಡಾಕ್ಟರು ಸರಿಯಾಗಿ ಪರೀಕ್ಷೆ ಮಾಡದೆ ಮುಳುಗಿ ಸತ್ತ ಎಂದು ಬರೆದದ್ದು ಊರ ನರ್ಸಿನ ಮಾತು ನಂಬಿ. ಕಿಂಡಾರಾದಲ್ಲಿ ಕತ್ತರಿ, ಅಯೋಡಿನ್ ಇಟ್ಟುಕೊಂಡು ಮನೆಮನೆಗೆ ಓಡಾಡುವವಳು ಒಬ್ಬಳೇ. ನಾನು ಬಂದಾಗಿನಿಂದ ಅವಳ ಮನೆಯಲ್ಲೇ ಉಂಡು, ಅವಳ ಮನೆಯಲ್ಲೇ ಮಲಗುತ್ತಿದ್ದೆ.

* * *

ಮಧ್ಯಾಹ್ನದ ಊಟದ ಹೊತ್ತು ದಾಟಿದ ಮೇಲೆ ನಾನು ಮನೆ ಸೇರಿದಾಗ ಅಕ್ಕ ಡೋಲಿನಾ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹೊರಗಿನಿಂದ ಆಗತಾನೆ ಬಂದವಳ ಹಾಗೆ ನೀಲಿ ಕೋಟು ಇನ್ನೂ ಮೈಮೇಲೇ ಇತ್ತು. ಓಟ್ಸ್ ಹಿಟ್ಟಿನಲ್ಲಿ ಹೊರಳಿಸಿದ ಮೀನು ತಟ್ಟೆಯಲ್ಲಿತ್ತು, ಒಲೆಗೆ ಹಾಕಿರಲಿಲ್ಲ.

"ಬೂಟು ಬಿಚ್ಚಿ ಬಾ," ಅಂದಳು. "ನೆಲ ಒರೆಸಿದ್ದೀನಿ."

ನಾನು ಬಿಚ್ಚಲಿಲ್ಲ. "ಅಮ್ಮನ ಬಟ್ಟೆ ಯಾಕೆ ಕೊಟ್ಟೆ ಅಕ್ಕ?"

ಚಾಕು ನಿಂತಿತು.

"ಹೆಣಕ್ಕೆ ಹೊದಿಸೋಕೆ ಏನೂ ಇಲ್ಲ ಅಂತ ಅವನ ಹೆಂಡತಿ ಬಂದು ಬಾಗಿಲಲ್ಲಿ ನಿಂತ್ಲು. ಊರಲ್ಲಿ ಯಾರೂ ಕೊಡಲಿಲ್ಲವಂತೆ. ಕೊಟ್ಟೆ."

"ಕೂದಲು ಕತ್ತರಿಸಿದ್ದು?"

ಅವಳು ಸುಲಿದ ಆಲೂಗಡ್ಡೆಯನ್ನೇ ಮತ್ತೆ ಸುಲಿಯತೊಡಗಿದಳು. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಇವಳು. ನನ್ನ ಗಾಯಗಳನ್ನು ಇದೇ ಕೈ ತೊಳೆದಿತ್ತು. ಸುಳ್ಳು ಹೇಳಿದರೆ ನನ್ನ ಕಿವಿ ಹಿಂಡುತ್ತಿದ್ದದ್ದೂ ಇದೇ ಕೈ.

"ನಾನು ಈಗ ನಿನ್ನ ತಮ್ಮ ಆಗಿ ಕೇಳ್ತಿಲ್ಲ."

"ಹಾಗಾದ್ರೆ ಹೊರಗೆ ಹೋಗಿ ಬಾಗಿಲು ತಟ್ಟಿ ಬಾ!" ಅವಳು ಚಾಕುವನ್ನು ಮೇಜಿನ ಮೇಲೆ ಕುಕ್ಕಿದಳು. "ಟೋಪಿ ಹಾಕ್ಕೊಂಡು ಬಾ. ನನ್ನ ಕುರ್ಚಿ ಮೇಲೆ ಕೂತು, ನನ್ನ ಅನ್ನ ತಿಂದು, ಈಗ ತಮ್ಮ ಅಲ್ವಂತೆ!"

"ಅಕ್ಕ, ಅವನು ಇಲ್ಲಿಗೆ ಬಂದಾಗ ಬದುಕಿದ್ದ. ನೀನು ಡಾಕ್ಟರಿಗೆ ಹೇಳಲಿಲ್ಲ. ನನಗೂ ಹೇಳಲಿಲ್ಲ. ದಿನಾ ನನ್ನ ಮುಂದೆ ಗಂಜಿ ಇಟ್ಟೆ, ಏನಾದ್ರೂ ಗೊತ್ತಾಯ್ತಾ ಅಂತ ನನ್ನನ್ನೇ ಕೇಳಿದೆ."

ಅವಳು ಒಣಗಿದ ಜೌಗುಮಣ್ಣಿನ ಹೆಂಟೆಯೊಂದನ್ನು ಒಲೆಗೆ ಹಾಕಿದಳು. ಆಮೇಲೆ ಅವಳು ಕೂತಳು.

"ಶುಕ್ರವಾರ ಸಂಜೆ ಬಂದ. ಕಾಲರಿಗೆಲ್ಲ ರಕ್ತ. ತೊಳೆದೆ, ಕತ್ತರಿಸಿದೆ, ಔಷಧಿ ಹಚ್ಚಿ ಪಟ್ಟಿ ಕಟ್ಟಿದೆ. ನೀನು ಕೂತಿದ್ದೀಯಲ್ಲ, ಅದೇ ಕುರ್ಚಿ."

"ಹೊಡೆದದ್ದು ಯಾರು?"

"ಮರ್ಡೋ. ಅವನ ಮನೆ ಗೇಟಿನಲ್ಲಿ."

"ಯಾಕೆ?"

"ಮಗಳನ್ನ ಕೇಳೋಕೆ ಹೋಗಿದ್ದ."

ನನಗೆ ಅರ್ಥವಾಗಲಿಲ್ಲ. ಅವಳಿಗೂ ಅದು ಗೊತ್ತಾಯಿತು. ಬೆರಳುಗಳಿಂದ ಮೇಜಿನ ಮೇಲಿನ ಸಿಪ್ಪೆಗಳನ್ನು ಗುಡ್ಡೆ ಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ಕ್ರಿಸ್ಸಿ ಕೇಟಿಯ ಮಗಳಲ್ಲ ಕಣೋ. ಎಸ್ಸೀ ಮಗಳು. ಯುದ್ಧ ಮುಗಿದ ಚಳಿಗಾಲ, ಹಿಮದಲ್ಲಿ ಡೇರೆ ಹಾಕ್ಕೊಂಡಿದ್ರು. ಮಕ್ಕಳನ್ನ ನೋಡ್ಕೊಳ್ಳೋ ಸರ್ಕಾರಿ ಕಚೇರಿಯವರು ಬಂದು, ಇಂಥ ಕಡೆ ಮಗು ಬದುಕಲ್ಲ ಅಂತ ಎತ್ಕೊಂಡ್ರು. ಎತ್ಕೊಂಡ್ರು ಅಂದ್ರೆ... ಅವರೇನು ಎತ್ಕೊಂಡ್ರು. ಅವರು ಕಾರಿನ ಹತ್ರ ನಿಂತಿದ್ರು. ಎಸ್ಸೀ ಎದೆಯಿಂದ ಮಗೂನ ಕಿತ್ಕೊಂಡೋಳು ನಾನು. ನರ್ಸು ಅಲ್ವಾ, ಮಗು ಹಿಡಿಯೋದು ನನಗೆ ಗೊತ್ತಲ್ಲ."

"ಕೇಟಿಗೆ ಕೊಟ್ರಾ?"

"ಮಕ್ಕಳಿಲ್ಲದೆ ಹುಚ್ಚಿಯಾಗಿದ್ಲು ಅವಳು. ಮಗು ಬಂದ ಮೇಲೆ ಮನುಷ್ಯಳಾದಳು. ಗ್ಲಾಸ್ಗೋದಲ್ಲಿ ಸತ್ತ ತಂಗಿಯ ಮಗು ಅಂತ ಊರಿಗೆ ಹೇಳಿದ್ವಿ. ಎಲ್ಲಾ ನಂಬಿದ್ರು. ಇಲ್ಲ, ಯಾರೂ ನಂಬಲಿಲ್ಲ, ಸುಮ್ಮನಿದ್ರು. ಇಲ್ಲಿ ಎರಡೂ ಒಂದೇ ಅಲ್ವಾ." ಅವಳು ಮುಖ ಒರೆಸಿಕೊಂಡಳು. "ಡೇವೀ ಊರೂರು ಹುಡುಕಿದಾನೆ ಕಣೋ ಎವಾಂಡರ್. ಮುತ್ತು ತೆಗೆಯೋ ನೆಪದಲ್ಲಿ ಒಂದೊಂದೇ ಹೊಳೆ. ಈ ಸಲ ನಮ್ಮೂರ ಸ್ಕೂಲಿನ ಗೋಡೆ ಪಕ್ಕ ಆಟ ಆಡ್ತಿದ್ದೋಳನ್ನ ನೋಡಿದಾನೆ. ಹೆಂಡತಿ ಮುಖಾನೇ ಓಡಾಡ್ತಿದೆ ಅನಿಸ್ತಂತೆ. ಇಲ್ಲಿ ಕೂತು ನನ್ನನ್ನ ಬೈಯಲಿಲ್ಲ ಅವನು. ಒಂದು ಮಾತೂ ಬೈಯಲಿಲ್ಲ. ಅವಳು ರಾತ್ರಿ ಚೆನ್ನಾಗಿ ನಿದ್ದೆ ಮಾಡ್ತಾಳಾ ಅಂತ ಕೇಳಿದ. ಸೋಮವಾರ ಕೋರ್ಟಿಗೆ ಹೋಗ್ತೀನಿ ಅಂತ ಹೇಳಿ ಎದ್ದು ಹೋದ."

"ದಾರೀಲಿ ಮರ್ಡೋ ಕಾಯ್ತಿದ್ದ."

"ಇಲ್ಲ."

"ಅಕ್ಕ, ಸಾಕು ಮರ್ಡೋನ ಕಾಪಾಡಿದ್ದು."

"ಇಲ್ಲ ಅಂದ್ನಲ್ಲ! ಡೇವೀ ಹೋದ ಬೆನ್ನಿಗೇ ಮರ್ಡೋ ಹಿಂಬಾಗಿಲಿಂದ ಬಂದ. ಹೊಡೆದುಬಿಟ್ಟೆ, ಏನಾಗುತ್ತೋ ಅಂತ ಅಳ್ತಾ ಕೂತ. ಮಳೆ ಬಿಡಲೇ ಇಲ್ಲ. ಕುರ್ಚಿಯಲ್ಲೇ ನಿದ್ದೆ ಹೋದ. ಬೆಳಗಾದ ಮೇಲೇ ಅವನು ಇಲ್ಲಿಂದ ಎದ್ದದ್ದು."

ಹೊಳೆಯ ಆಚೆ ಡೇರೆ. ಈಚೆ ಊರು. ನಡುವೆ ಒಂದೇ ಸೇತುವೆ, ಡೇವೀ ಅದನ್ನು ದಾಟಲೇಬೇಕಿತ್ತು. ಗಂಡ ಇಲ್ಲಿ ನಿದ್ದೆ ಮಾಡುತ್ತಿದ್ದಾಗ ಸೇತುವೆಯ ಪಕ್ಕದ ಮನೆಯಲ್ಲಿ ಯಾರಿದ್ದರು?

"ನೀನು ಕಟ್ಟಿದ ಪಟ್ಟಿ ಹೆಣದ ಮೇಲಿರಲಿಲ್ಲ," ಅಂದೆ.

"ಹೊಳೆ ಬಿಚ್ಚೋ ಗಂಟಲ್ಲ ಅದು. ಯಾರೋ ಕೈಯಿಂದ ಬಿಚ್ಚಿದಾರೆ." ಅವಳ ದನಿ ಇಳಿದಿತ್ತು. "ನನಗೆ ಭಾನುವಾರವೇ ಗೊತ್ತಾಯ್ತು. ಕೇಟಿ ಚರ್ಚಿನಲ್ಲಿ ನನ್ನ ಪಕ್ಕ ಕೂತಿದ್ಲು. ಹಾಡೋಕೆ ಬಾಯಿ ತೆಗೆಯಲಿಲ್ಲ."

ಹಾಗಾದರೆ ಡಬ್ಬಿ ಕದ್ದು ದಡದಲ್ಲಿಟ್ಟದ್ದು, ಹಗ್ಗ ಕಟ್ಟಿದ್ದು, ಕುಡಿದಿದ್ದ ಎಂದು ಊರಿಗೆಲ್ಲ ಸಾರಿದ್ದು ಮರ್ಡೋ. ತನಗಾಗಿ ಅಲ್ಲ, ಹೆಂಡತಿಗಾಗಿ. ಮತ್ತೆ ನನ್ನಕ್ಕ, ಯಾರಿಗಾಗಿ ಬಾಯಿ ಮುಚ್ಚಿಕೊಂಡಳು? ಕೇಟಿಗಾಗಿಯೋ, ಮಗುವಿಗಾಗಿಯೋ, ತನಗಾಗಿಯೋ? ಕೇಳುವ ಮನಸ್ಸಾಗಲಿಲ್ಲ.

"ಈಗ ಯಾಕೆ ಹೇಳ್ತಿದ್ದೀಯ?"

ಅವಳು ಮೊದಲ ಸಲ ತಲೆಯೆತ್ತಿದಳು. ಆಗ ನೋಡಿದೆ, ಅವಳ ಕೋಟಿನ ಅಂಚಿಗೆಲ್ಲ ಒದ್ದೆ ಮಣ್ಣು ಮೆತ್ತಿತ್ತು.

"ಬಟ್ಟೆ ಕೇಳೋಕೆ ಬಂದಾಗ ಎಸ್ಸೀ ನನ್ನ ಗುರುತು ಹಿಡಿದ್ಲು. ಕೈ ನೋಡಿ ಗುರುತು ಹಿಡಿದ್ಲಂತೆ. ಆವತ್ತಿನಿಂದ ನನಗೆ ನಿದ್ದೆ ಇಲ್ಲ. ಇವತ್ತು ಊಟದ ಬಿಡುವಿನಲ್ಲಿ ಸ್ಕೂಲಿಗೆ ಹೋದೆ. ತಲೆಯಲ್ಲಿ ಹೇನಿದೆಯಾ ನೋಡಬೇಕು ಅಂತ ಕ್ರಿಸ್ಸಿನ ಹೊರಗೆ ಕರೆದೆ. ಚರ್ಚಿನ ಹಿಂದೆ ಎಸ್ಸೀ ಗಾಡಿ ನಿಲ್ಲಿಸ್ಕೊಂಡಿದ್ಲು." ಅವಳು ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟಳು. "ಕಿತ್ಕೊಂಡ ಕೈಯಿಂದಲೇ ಕೊಟ್ಟೆ. ನನ್ನನ್ನ ಹಿಡ್ಕೊಂಡು ಹೋಗು. ಅವರು ದೂರ ಹೋಗೋವರೆಗೂ ಇಲ್ಲೇ ಕೂತಿರು, ಆಮೇಲೆ ಹಿಡ್ಕೊಂಡು ಹೋಗು."

"ಯಾವ ದಾರಿ ಹಿಡಿದಳು?"

"ಅದನ್ನ ನಾನು ಹೇಳಲ್ಲ."

"ಅಕ್ಕ!"

ಹಿಂಬಾಗಿಲು ಗೋಡೆಗೆ ಬಡಿಯಿತು. ಮರ್ಡೋ ಬೇನ್ ಹೊಸಿಲ ಮೇಲಿದ್ದ. ಟೋಪಿ ಇರಲಿಲ್ಲ, ಕೋಟಿನ ಗುಂಡಿ ಹಾಕಿರಲಿಲ್ಲ. ಬೆಳಿಗ್ಗೆ ದಡದಲ್ಲಿ ನಿಂತು ನನ್ನನ್ನು ಗೇಲಿ ಮಾಡಿದ ಮನುಷ್ಯ ಇವನೇನಾ ಅನ್ನಿಸಿತು.

"ಕ್ರಿಸ್ಸಿ ಸ್ಕೂಲಲ್ಲಿಲ್ಲ," ಅಂದ. ಏದುಸಿರು ಬಿಡುತ್ತಿದ್ದ. "ಟೀಚರು ಮನೆಗೆ ಬಂದಿದ್ರು. ನಾನು ಹೊಳೆ ಹತ್ರ ಇದ್ದೆ. ಕೇಟಿಗೆ ಹೇಳಿದಾರೆ... ನರ್ಸಮ್ಮ ಕರ್ಕೊಂಡು ಹೋದ್ರು ಅಂತ."

"ಕೇಟಿ ಎಲ್ಲಿ?"

ಅವನು ಡೋಲಿನಾಳನ್ನೇ ನೋಡುತ್ತಿದ್ದ. ಬೈಯುತ್ತಾನೆ ಅಂದುಕೊಂಡೆ, ಹೊಡೆಯುತ್ತಾನೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

"ಮರ್ಡೋ, ಕೇಟಿ ಎಲ್ಲಿ?"

"ಮನೇಲಿಲ್ಲ. ಬಂದೂಕೂ ಇಲ್ಲ. ತೋಟಾ ಇಡೋ ಡ್ರಾಯರು ನೆಲದ ಮೇಲಿತ್ತು."

ಕಿಂಡಾರಾದಿಂದ ಹೊರಗೆ ಹೋಗುವುದು ಎರಡೇ ದಾರಿ. ಒಂದು ಸರೋವರದ ದಡ ಹಿಡಿದು ಪಟ್ಟಣಕ್ಕೆ. ಇನ್ನೊಂದು ಬೆಟ್ಟದ ಕಣಿವೆ ದಾಟಿ, ಯಾರೂ ವಾಸವಿಲ್ಲದ ಜೌಗುಬಯಲಿಗೆ. ಕಾರು ಒಂದೇ, ನಾನೂ ಒಬ್ಬನೇ. ತಪ್ಪು ದಾರಿ ಹಿಡಿದರೆ ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

"ಯಾವ ಕಡೆ ಹೋದಳು? ನೋಡಿದೋರು ಯಾರು?"

"ದಡದ ಕಡೆ," ಎಂದ ಮರ್ಡೋ. "ಸೈಕಲ್ ತಗೊಂಡು ಹೋದ್ಲು. ನಾನೇ ಕಣ್ಣಾರೆ ಕಂಡೆ."

"ಸುಳ್ಳು," ಎಂದಳು ನನ್ನಕ್ಕ. ಅವಳು ಎದ್ದು ನಿಂತಿದ್ದಳು. ಮುಖದಲ್ಲಿ ಹನಿ ರಕ್ತವಿರಲಿಲ್ಲ. "ಎವಾಂಡರ್, ನೀನು ಬರೋ ಮುಂಚೆ ಈ ಕಿಟಕಿಯಿಂದ ನಾನು ನೋಡಿದೀನಿ. ಬೆಟ್ಟ ಹತ್ತುತ್ತಿದ್ಲು. ಕೈಯಲ್ಲಿದ್ದದ್ದು ಕೋಲು ಅಂದ್ಕೊಂಡೆ."

ನಾನು ಕಾರಿನ ಕೀಲಿ ಹಿಡಿದು ಇಬ್ಬರ ಮುಖವನ್ನೂ ನೋಡಿದೆ. ಒಬ್ಬ ಹೆಂಡತಿಯನ್ನು ಉಳಿಸಿಕೊಳ್ಳಬೇಕಾದವನು. ಒಬ್ಬಳು ಎಸ್ಸೀ ಹೋದ ದಾರಿಯನ್ನು ಸಾಯುವವರೆಗೂ ಹೇಳಲಾರೆನೆಂದು ಈಗಷ್ಟೇ ಹಟ ಹಿಡಿದವಳು. ಇಬ್ಬರೂ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದರು. ಇಷ್ಟು ದಿನವೂ ಇಬ್ಬರೂ ಹೀಗೇ ನನ್ನ ಕಣ್ಣಿಗೆ ಕಣ್ಣಿಟ್ಟೇ ಸುಳ್ಳು ಹೇಳಿದ್ದರು.